ಠಾಣೆಯಿಂದ ತೀರ್ಪಿನವರೆಗೆ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಠಾಣೆ, ಆಸ್ಪತ್ರೆ, ನ್ಯಾಯಾಲಯಗಳಿಗೆ ದೂರುದಾರೆಯರ ಜೊತೆ ಹೋಗಿ ಬರುವುದು ನನ್ನ ಕೆಲಸ. ವಾದ ಮಾಡಲು ವಕೀಲರಿದ್ದಾರೆ, ಪರೀಕ್ಷೆಗೆ ವೈದ್ಯರಿದ್ದಾರೆ. ನಾನು ಪಕ್ಕದ ಬೆಂಚಿನಲ್ಲಿ ಕೂರುತ್ತೇನೆ. ಆ ಬೆಂಚಿನ ಮೇಲೆ ಕೇಳಿಸಿಕೊಂಡ ಪ್ರಶ್ನೆಗಳೇ ಇಲ್ಲಿವೆ. ಕಾನೂನಿನಲ್ಲಿ ನಿಮ್ಮ ಪರವಾಗಿ ಬರೆದಿರುವುದು ಬಹಳಷ್ಟಿದೆ. ಬಾಯಿಬಿಟ್ಟು ಕೇಳದಿದ್ದರೆ ಅದರಲ್ಲಿ ಅರ್ಧವೂ ಕೈಗೆ ಬರುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಏನನ್ನು, ಯಾರಲ್ಲಿ ಕೇಳಬೇಕು ಎಂಬುದಕ್ಕೇ ಇಲ್ಲಿ ಹೆಚ್ಚು ಜಾಗ.

ಒಂದು ಮಾತು ಮೊದಲೇ ಹೇಳಬೇಕು. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆ, ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯದ ನಿಯಮಗಳ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಕೃತ್ಯ ಆ ದಿನಕ್ಕಿಂತ ಮೊದಲು ನಡೆದಿದ್ದರೆ ಹಳೆಯ ದಂಡ ಸಂಹಿತೆಯ 376ನೇ ಕಲಮಿನಡಿ ಪ್ರಕರಣ ದಾಖಲಾಗುತ್ತದೆ. ಕಲಮಿನ ಸಂಖ್ಯೆ ಬದಲಾಗಿದೆ ಎಂದು ಗಾಬರಿಯಾಗಬೇಡಿ.

ಈಗಷ್ಟೇ ಆಗಿದೆ. ಮೊದಲು ಠಾಣೆಗೆ ಹೋಗಲೋ, ಆಸ್ಪತ್ರೆಗೋ?

ಆಸ್ಪತ್ರೆಗೆ. ಎಫ್‌ಐಆರ್ ಇಲ್ಲದೆ ಮುಟ್ಟುವುದಿಲ್ಲ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ನಿರಾಕರಿಸಿದವರಿಗೆ ನ್ಯಾಯ ಸಂಹಿತೆಯ 200ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸವಿದೆ. ಗರ್ಭ ತಡೆಯುವ ಮಾತ್ರೆಯನ್ನೂ ಎಚ್‌ಐವಿ ತಡೆಯುವ ಔಷಧವನ್ನೂ ಕೇಳಿ ಪಡೆಯಿರಿ. ಎಚ್‌ಐವಿ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಗಡಿಬಿಡಿಯಲ್ಲಿ ಇದನ್ನು ಎಲ್ಲರೂ ಮರೆಯುತ್ತಾರೆ.

ಒಬ್ಬರೇ ಇದ್ದು ಜಾಗ ಸುರಕ್ಷಿತವಲ್ಲ ಎನಿಸಿದರೆ 112ಕ್ಕೆ ಕರೆ ಮಾಡಿ, ಹೊಯ್ಸಳ ಗಸ್ತು ವಾಹನ ಬರುತ್ತದೆ. ಮಹಿಳಾ ಸಹಾಯವಾಣಿ 181.

ಸ್ನಾನ ಮಾಡಿಬಿಟ್ಟೆ. ಸಾಕ್ಷ್ಯವೆಲ್ಲ ಹೋಯಿತೇ?

ಇಲ್ಲ. ಮೈಯನ್ನು ತೊಳೆದುಕೊಳ್ಳಬೇಕು ಎನಿಸುವುದು ತೀರಾ ಸಹಜ. ಅದಕ್ಕಾಗಿ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯ ಪ್ರಕಾರ ದೇಹದಿಂದ ಮಾದರಿಗಳನ್ನು 96 ಗಂಟೆಯವರೆಗೆ ಸಂಗ್ರಹಿಸಬಹುದು. ಆ ಹೊತ್ತು ಉಟ್ಟ ಬಟ್ಟೆ, ಒಳ ಉಡುಪು, ಹಾಸಿಗೆಯ ಹೊದಿಕೆ ಇದ್ದರೆ ಒಗೆಯಬೇಡಿ. ನೆರಳಿನಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಹಾಳಾಗುತ್ತದೆ. ಒಗೆದಿದ್ದರೂ ಎಸೆಯಬೇಡಿ, ಹಾಗೆಯೇ ತನಿಖಾಧಿಕಾರಿಗೆ ಕೊಡಿ.

ವೈದ್ಯಕೀಯ ಪರೀಕ್ಷೆಗೆ ಒಪ್ಪಲೇಬೇಕೇ?

ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ನಡೆಸುವಂತಿಲ್ಲ. ಒಂದು ಭಾಗಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡವೆನ್ನಬಹುದು, ನಡುವೆ ನಿಲ್ಲಿಸಲು ಹೇಳಬಹುದು. ಚಿಕಿತ್ಸೆ ಮಾತ್ರ ಸಾಕು, ದೂರು ಸದ್ಯಕ್ಕೆ ಬೇಡ ಎಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸುವುದು ತಪ್ಪುವುದಿಲ್ಲ, ಆದರೆ ನಿಮ್ಮ ನಿರಾಕರಣೆಯನ್ನು ಬರಹದಲ್ಲಿ ದಾಖಲಿಸುತ್ತಾರೆ. ಅದರಿಂದ ಚಿಕಿತ್ಸೆ ನಿಲ್ಲುವಂತಿಲ್ಲ.

ಮೊದಲೇ ಲೈಂಗಿಕ ಸಂಪರ್ಕವಿತ್ತೇ ಎಂದು ಯೋನಿಯೊಳಗೆ ಬೆರಳಿಟ್ಟು ನೋಡುವ 'ಎರಡು ಬೆರಳಿನ ಪರೀಕ್ಷೆ' ಎಂಬ ಕ್ರೌರ್ಯದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಸ್ಪಷ್ಟವಾಗಿ ಹೇಳಿದೆ. ಯಾರಾದರೂ ಮುಂದಾದರೆ 'ಬೇಡ' ಎನ್ನಿ, ವೈದ್ಯರ ಹೆಸರು ಬರೆದುಕೊಳ್ಳಿ. ನಿಮ್ಮ ಹಿಂದಿನ ಸಂಬಂಧಗಳ ಬಗ್ಗೆ ವರದಿಯಲ್ಲಿ ಬರೆಯಲು ಯಾವ ವೈದ್ಯರಿಗೂ ಹಕ್ಕಿಲ್ಲ.

ಘಟನೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನಾನಿರುವುದು ಯಲಹಂಕದಲ್ಲಿ. ಯಾವ ಠಾಣೆ?

ಯಾವ ಠಾಣೆಯಾದರೂ ಸರಿ. 'ಇದು ನಮ್ಮ ಸರಹದ್ದಲ್ಲ' ಎಂಬ ಮಾತಿಗೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ನಂತರ ಬೆಲೆಯಿಲ್ಲ. ಶೂನ್ಯ ಎಫ್‌ಐಆರ್ ದಾಖಲಿಸಿ, ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ. ಇಮೇಲ್ ಮೂಲಕವೂ ಮಾಹಿತಿ ಕೊಡಬಹುದು. ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಅತ್ಯಾಚಾರದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಹೇಳಿಕೆ ಕೊಡಲು ಠಾಣೆಗೇ ಬರಬೇಕೆಂದು ನಿಮ್ಮನ್ನು ಒತ್ತಾಯಿಸುವಂತಿಲ್ಲ, ಮನೆಯಲ್ಲಿ ಅಥವಾ ನೀವು ಹೇಳಿದ ಜಾಗದಲ್ಲಿ ಪಡೆಯಬಹುದು.

ಬರೆದದ್ದನ್ನು ಓದಿಸಿಕೊಂಡು ಕೇಳಿ. ನೀವು 'ಹೆದರಿ ಸುಮ್ಮನಿದ್ದೆ' ಎಂದಿದ್ದನ್ನು ಬರಹದಲ್ಲಿ 'ಸುಮ್ಮನಿದ್ದೆ' ಎಂದಷ್ಟೇ ಮಾಡಿದ್ದರೆ, ಎರಡು ವರ್ಷದ ನಂತರ ಎದುರು ಪಕ್ಷದ ವಕೀಲರು ಹಿಡಿದುಕೊಳ್ಳುವುದು ಆ ಒಂದು ಪದವನ್ನೇ. ತಿದ್ದಿಸಿದ ಮೇಲೆಯೇ ಸಹಿ ಹಾಕಿ. ಎಫ್‌ಐಆರ್ ಪ್ರತಿ ಉಚಿತ. ಪ್ರತಿ ಸಿಗದೆ ಠಾಣೆಯಿಂದ ಹೊರಡಬೇಡಿ.

'ನಾಳೆ ಬಾ', 'ಮನೆಯವರನ್ನು ಕರೆದುಕೊಂಡು ಬಾ' ಎಂದು ಕಳಿಸಿದರು. ಏನು ಮಾಡಲಿ?

ಅತಿ ಹೆಚ್ಚು ಜನ ಸೋತು ಹಿಂದಿರುಗುವುದು ಇದೇ ಬಾಗಿಲಿನಿಂದ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಅತ್ಯಾಚಾರದ ದೂರನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಕಲಮಿನಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸೆರೆವಾಸ ವಿಧಿಸಬಹುದು. ಈ ಕಲಮಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿ. ಜಗಳವಾಡುವುದು ಬೇಡ, 'ದೂರು ತೆಗೆದುಕೊಳ್ಳುವುದಿಲ್ಲ ಎಂದು ಹಿಂಬರಹ ಬರೆದುಕೊಡಿ ಸರ್' ಎಂದಷ್ಟೇ ಕೇಳಿ. ಒಮ್ಮೆ ಒಂದು ಠಾಣೆಯಲ್ಲಿ ನಾವು ಸಂಜೆ ಆರರಿಂದ ಕೂತಿದ್ದೆವು. 'ಹಿಂಬರಹ' ಎಂಬ ಮಾತು ಬಂದ ಹತ್ತು ನಿಮಿಷದಲ್ಲಿ ಮಹಿಳಾ ಪಿಎಸ್‌ಐ ಬಂದರು.

ಸಣ್ಣಪುಟ್ಟ ಅಪರಾಧಗಳಿಗೆ ಕೊಡುವ ಎನ್‌ಸಿಆರ್ ಚೀಟಿ ಕೊಟ್ಟರೆ ಮೋಸಹೋಗಬೇಡಿ, ಅದು ಎಫ್‌ಐಆರ್ ಅಲ್ಲ. ಆಗಲೂ ಆಗದಿದ್ದರೆ ದೂರನ್ನು ಬರೆದು ಆ ವಿಭಾಗದ ಡಿಸಿಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮುಂದಿನ ದಾರಿ ಮ್ಯಾಜಿಸ್ಟ್ರೇಟ್ ಮುಂದೆ ಪ್ರಮಾಣಪತ್ರದೊಂದಿಗೆ ನಾಗರಿಕ ಸುರಕ್ಷಾ ಸಂಹಿತೆಯ 175(3)ನೇ ಕಲಮಿನಡಿ ಅರ್ಜಿ. ಅಂಚೆಯ ರಸೀದಿ ಇಲ್ಲದಿದ್ದರೆ ಆ ಅರ್ಜಿ ನಿಲ್ಲುವುದು ಕಷ್ಟ. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯ ಆವರಣದಲ್ಲಿ ವನಿತಾ ಸಹಾಯವಾಣಿ ಇದೆ, ಸಂಖ್ಯೆ 1091.

ಮ್ಯಾಜಿಸ್ಟ್ರೇಟ್ ಮುಂದೆಯೂ ಹೇಳಿಕೆ ಕೊಡಬೇಕಂತೆ. ಇನ್ನೊಮ್ಮೆ ಯಾಕೆ?

ಪೊಲೀಸರ ಮುಂದೆ ಕೊಟ್ಟ ಹೇಳಿಕೆಗಿಂತ ಇದಕ್ಕೆ ತೂಕ ಹೆಚ್ಚು. ಎಲ್ಲರೂ ಇನ್ನೂ '164 ಹೇಳಿಕೆ' ಎಂದೇ ಕರೆಯುತ್ತಾರೆ. ಅದು ಹಳೆಯ ಕಾನೂನಿನ ಕಲಮಿನ ಸಂಖ್ಯೆ, ಈಗ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ. ತುಮಕೂರು ಜಿಲ್ಲೆಯ ನೊಣವಿನಕೆರೆ ಪೊಲೀಸರ ಪ್ರಕರಣವೊಂದರಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ನಿರ್ದೇಶನ ಕೊಟ್ಟಿತು: ಸಂತ್ರಸ್ತೆಯನ್ನು ಕೂಡಲೇ, ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟರ ಬಳಿಗೇ ಕರೆದೊಯ್ಯಬೇಕು, 24 ಗಂಟೆ ಮೀರಿದರೆ ಕಾರಣ ಬರೆಯಬೇಕು, ಚಾರ್ಜ್‌ಶೀಟ್ ಸಲ್ಲಿಕೆಯಾಗುವವರೆಗೆ ಹೇಳಿಕೆ ಯಾರಿಗೂ ಬಹಿರಂಗವಾಗಬಾರದು. ನಮ್ಮ ಪಕ್ಕದ ಜಿಲ್ಲೆಯ ಒಂದು ಪ್ರಕರಣದಿಂದ ಹುಟ್ಟಿದ ನಿಯಮವಿದು. ಬೆಂಗಳೂರಿನ ಠಾಣೆಗಳಲ್ಲಿ ಧೈರ್ಯವಾಗಿ ನೆನಪಿಸಿ.

ಮೂರು ವರ್ಷವಾಯಿತು. ಈಗ ಹೇಳಿದರೆ ಯಾರು ನಂಬುತ್ತಾರೆ? ಗಾಯವೂ ಇಲ್ಲ, ಕಂಡವರೂ ಇಲ್ಲ.

ಅತ್ಯಾಚಾರದ ದೂರಿಗೆ ಕಾಲಮಿತಿಯಿಲ್ಲ. ತಡವಾದದ್ದಕ್ಕೆ ಕಾರಣವನ್ನು ದೂರಿನಲ್ಲಿಯೇ ಬರೆಯಿರಿ: ಭಯ, ಬೆದರಿಕೆ, ಮನೆಯ ಮರ್ಯಾದೆ, ಕೆಲಸ ಹೋಗುವ ಆತಂಕ, ಯಾವುದಿದ್ದರೂ ನಿಜವಾದದ್ದನ್ನು ಬರೆಯಿರಿ. ಸಂತ್ರಸ್ತೆಯ ಮಾತು ನಂಬಿಕೆಗೆ ಯೋಗ್ಯವಾಗಿದ್ದರೆ ಬೇರೆ ಪುರಾವೆಯ ಬೆಂಬಲವಿಲ್ಲದೆಯೂ ಶಿಕ್ಷೆ ಕೊಡಬಹುದು, ತಡವಾದದ್ದೊಂದೇ ಸಂಶಯಕ್ಕೆ ಕಾರಣವಾಗಬಾರದು ಎಂದು 1996ರಲ್ಲೇ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೈಮೇಲೆ ಪ್ರತಿರೋಧದ ಗುರುತು ಇಲ್ಲವೆಂದ ಮಾತ್ರಕ್ಕೆ ಸಮ್ಮತಿ ಇತ್ತೆಂದು ಭಾವಿಸಬಾರದು ಎಂಬುದು ಕಾನೂನಿನ ವ್ಯಾಖ್ಯಾನದಲ್ಲಿಯೇ ಇದೆ.

2025ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ, ಮನೆಗೆಲಸದ ಮಹಿಳೆಯೊಬ್ಬರು ದೂರು ಕೊಟ್ಟ ಪ್ರಕರಣದಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ವಿರುದ್ಧ ಮೇಲ್ಮನವಿ ಹೋಗಿದೆ. ದೂರು ದಾಖಲಾದದ್ದು ಘಟನೆಯ ಎಷ್ಟೋ ಸಮಯದ ನಂತರ. ಸೀರೆಯೊಂದರ ವಿಧಿವಿಜ್ಞಾನ ವರದಿ ಅಲ್ಲಿ ಸಾಕ್ಷ್ಯಗಳಲ್ಲಿ ಒಂದಾಗಿತ್ತು. ಆ ಹೆಣ್ಣುಮಗಳ ಮುಂದೆ ನಿಂತಿದ್ದ ಅಧಿಕಾರದ ಗೋಡೆ ಎಷ್ಟು ಎತ್ತರದ್ದು ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ನಡುಗುತ್ತದೆ.

ತಡವಾಗಿಲ್ಲದಿದ್ದರೆ ಒಂದು ಕೆಲಸ ಇವತ್ತೇ ಆಗಬೇಕು. ಅಪಾರ್ಟ್‌ಮೆಂಟ್, ಪಿಜಿ, ಅಂಗಡಿಗಳ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ವಶಪಡಿಸಿಕೊಳ್ಳಿ ಎಂದು ತನಿಖಾಧಿಕಾರಿಗೆ ಲಿಖಿತವಾಗಿ ಕೊಡಿ. ಕ್ಯಾಬ್ ಬುಕಿಂಗ್, ಹಣ ಪಾವತಿಯ ಸಂದೇಶ, ಅವನು ನಂತರ ಕಳಿಸಿದ 'ಸಾರಿ' ಎಂಬ ವಾಟ್ಸ್‌ಆ್ಯಪ್ ಸಂದೇಶ, ಯಾವುದನ್ನೂ ಅಳಿಸಬೇಡಿ. ಮೊಬೈಲ್ ಬದಲಾಯಿಸಬೇಡಿ.

ಅವನು ಪರಿಚಿತ. ನಾನೇ ಅವನ ರೂಮಿಗೆ ಹೋಗಿದ್ದೆ.

ರೂಮಿಗೆ ಬರಲು ಒಪ್ಪಿದ್ದು ರೂಮಿಗೆ ಬರುವುದಕ್ಕೆ ಮಾತ್ರ. ಸಮ್ಮತಿ ಎಂದರೆ ಆ ನಿರ್ದಿಷ್ಟ ಕ್ರಿಯೆಗೆ ಸ್ವಇಚ್ಛೆಯಿಂದ, ನಿಸ್ಸಂದಿಗ್ಧವಾಗಿ ಕೊಟ್ಟ ಒಪ್ಪಿಗೆ ಎಂದು ನ್ಯಾಯ ಸಂಹಿತೆಯ 63ನೇ ಕಲಂ ಬಿಡಿಸಿ ಹೇಳುತ್ತದೆ. ಮತ್ತಿನಲ್ಲಿದ್ದು ಏನಾಗುತ್ತಿದೆ ಎಂದೇ ಅರ್ಥವಾಗದ ಸ್ಥಿತಿಯಲ್ಲಿ ಹೇಳಿದ 'ಹೂಂ' ಸಮ್ಮತಿಯಲ್ಲ.

ಮದುವೆಯಾಗುತ್ತೇನೆಂದು ನಂಬಿಸಿದ ಪ್ರಕರಣಗಳಿಗೆ ಈಗ 69ನೇ ಕಲಂ ಇದೆ, ಹತ್ತು ವರ್ಷದವರೆಗೆ ಶಿಕ್ಷೆ. ಆರಂಭದಿಂದಲೇ ಮದುವೆಯಾಗುವ ಉದ್ದೇಶವಿರಲಿಲ್ಲ ಎಂದು ತೋರಿಸಬೇಕಾಗುತ್ತದೆ. ಪ್ರೀತಿ ಮುರಿದುಬಿದ್ದದ್ದೆಲ್ಲ ಇದರಡಿ ಬರುವುದಿಲ್ಲ.

ಗಂಡನೇ ಆಗಿದ್ದರೆ?

ಇದಕ್ಕೆ ಉತ್ತರಿಸುವಾಗ ನನಗೆ ಸಿಟ್ಟು ಬರುತ್ತದೆ. ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ಬಲಾತ್ಕಾರ ಮಾಡಿದರೆ ಅದು ಅತ್ಯಾಚಾರವಲ್ಲ ಎಂಬ ವಿನಾಯಿತಿಯನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ನಿರಾಕರಿಸಿ, ಗಂಡನಾದರೂ ಅತ್ಯಾಚಾರ ಅತ್ಯಾಚಾರವೇ ಎಂದಿತು. ಆ ವಿಚಾರಣೆಗೆ ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮತ್ತು ಗಂಡನ ಕ್ರೌರ್ಯಕ್ಕೆ ಸಂಬಂಧಿಸಿದ, ನ್ಯಾಯ ಸಂಹಿತೆಯ 85ನೇ ಕಲಂ. ಬೇರೆಯಾಗಿ ವಾಸಿಸುತ್ತಿದ್ದರೆ 67ನೇ ಕಲಮಿನಡಿ ಎರಡರಿಂದ ಏಳು ವರ್ಷದ ಶಿಕ್ಷೆ ಇದೆ.

ನಾನು ಗಂಡಸು. ನನ್ನ ಗೆಳತಿ ಲಿಂಗತ್ವ ಅಲ್ಪಸಂಖ್ಯಾತೆ. ನಮಗೆ ಕಾನೂನಿಲ್ಲವೇ?

ಹದಿನೆಂಟರ ಒಳಗಿದ್ದಾಗ ನಡೆದಿದ್ದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಗಂಡು, ಹೆಣ್ಣು ಎಂದು ಭೇದ ಮಾಡುವುದಿಲ್ಲ. ವಯಸ್ಕರ ವಿಷಯದಲ್ಲಿ ಕಾನೂನು ದೊಡ್ಡ ಕಂದಕವನ್ನೇ ಬಿಟ್ಟಿದೆ: ಅತ್ಯಾಚಾರದ ವ್ಯಾಖ್ಯಾನದಲ್ಲಿ ಸಂತ್ರಸ್ತರು ಮಹಿಳೆ ಮಾತ್ರ, ಹಳೆಯ 377ನೇ ಕಲಮನ್ನು ಹೊಸ ಸಂಹಿತೆ ಕೈಬಿಟ್ಟಿದೆ. ಹಲ್ಲೆ, ಅಕ್ರಮ ಬಂಧನದಂತಹ ಕಲಂಗಳಡಿ ದೂರು ಕೊಡಬೇಕಾಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ 2019ರ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ ಎರಡೇ ವರ್ಷ ಶಿಕ್ಷೆ. ಇದು ಅನ್ಯಾಯ, ಬದಲಾಗಲೇಬೇಕು. ಆಸ್ಪತ್ರೆಯ ಚಿಕಿತ್ಸೆಯ ಅಗತ್ಯ ಮಾತ್ರ ಎಲ್ಲರಿಗೂ ಒಂದೇ, ಅದನ್ನು ತಪ್ಪಿಸಿಕೊಳ್ಳಬೇಡಿ.

ನನ್ನ ಮಗಳಿಗೆ ಹದಿನಾಲ್ಕು ವರ್ಷ.

ಪೋಕ್ಸೊ ಪ್ರಕರಣದಲ್ಲಿ, ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಗೂ ಇದು ಅನ್ವಯ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಸಮವಸ್ತ್ರ ಇಲ್ಲದ ಅಧಿಕಾರಿ ಪಡೆಯಬೇಕು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಕ್ಕಳ ಸಹಾಯವಾಣಿ 1098. ಅವಳನ್ನು ನೀವು ಮತ್ತೆ ಮತ್ತೆ ಪ್ರಶ್ನಿಸಬೇಡಿ. ಹೇಳಿದಷ್ಟನ್ನು ಅವಳ ಮಾತಿನಲ್ಲೇ ಬರೆದಿಡಿ.

ಹೆಸರು ಪತ್ರಿಕೆಯಲ್ಲಿ ಬರುತ್ತದೆಯೇ?

ಬರಕೂಡದು. ಗುರುತು ಬಯಲು ಮಾಡಿದವರಿಗೆ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗೆ ಶಿಕ್ಷೆ. ಹೆಸರಷ್ಟೇ ಅಲ್ಲ, ಊರು, ಕಚೇರಿ, ತಂದೆಯ ಹೆಸರು, ಯಾವುದರಿಂದ ನಿಮ್ಮನ್ನು ಗುರುತಿಸಬಹುದೋ ಅದೆಲ್ಲವೂ ಇದರಲ್ಲಿ ಸೇರುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೂ ಈ ಕಲಂ ಅನ್ವಯಿಸುತ್ತದೆ.

ಕಚೇರಿಯ ಆಂತರಿಕ ಸಮಿತಿಗೆ ಹೋದರೆ ಪೊಲೀಸರ ಬಳಿ ಹೋಗುವಂತಿಲ್ಲವೇ?

ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರು ಕೇಳುವುದು ಆಂತರಿಕ ಸಮಿತಿ. ಅಲ್ಲಿಗೂ ಪೊಲೀಸರ ಬಳಿಗೂ ಹೋಗಬಹುದು. ಸಮಿತಿಗೆ ದೂರು ಕೊಡಲು ಮೂರು ತಿಂಗಳ ಮಿತಿಯಿದೆ, ಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಮನೆಗೆಲಸದವರು ಮತ್ತು ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ವಕೀಲರಿಗೆ ಕೊಡಲು ಹಣವಿಲ್ಲ.

ನಿಮ್ಮ ಪ್ರಕರಣ ನಡೆಸುವವರು ಸರ್ಕಾರಿ ಅಭಿಯೋಜಕರು. ಅವರಿಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಅವರಿಗೆ ನೆರವಾಗಲು ನಿಮ್ಮದೇ ವಕೀಲರನ್ನೂ ಇಟ್ಟುಕೊಳ್ಳಬಹುದು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಆ ಪ್ರಾಧಿಕಾರದ ಕಚೇರಿಯಿರುವ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ವಕೀಲರು ಇರಲೇಬೇಕು ಎಂದು ನಾನು ಒತ್ತಿ ಹೇಳಲು ಕಾರಣವಿದೆ: ವಕೀಲರ ಮೂಲಕ ಹಾಜರಾದ ಸಂತ್ರಸ್ತೆಗೂ ಚಾರ್ಜ್‌ಶೀಟ್ ಮತ್ತು ದಾಖಲೆಗಳ ಪ್ರತಿ ಕೊಡಬೇಕೆಂದು ಹೊಸ ಸಂಹಿತೆ ಹೇಳುತ್ತದೆ.

ತನಿಖೆ ಎಲ್ಲಿಗೆ ಬಂತೆಂದು ಯಾರೂ ಹೇಳುತ್ತಿಲ್ಲ.

ಅತ್ಯಾಚಾರ ಪ್ರಕರಣದ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು, ಪ್ರಗತಿಯನ್ನು 90 ದಿನದೊಳಗೆ ನಿಮಗೆ ತಿಳಿಸಬೇಕು. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದಿಲ್ಲ ಎಂಬ ಉತ್ತರ ಸಿಕ್ಕರೆ, ಮಾದರಿ ಕಳಿಸಿದ ದಿನಾಂಕ ಯಾವುದು ಎಂದು ಕೇಳಿ. ಎಷ್ಟೋ ಸಲ ಕಳಿಸಿಯೇ ಇರುವುದಿಲ್ಲ. ಪೊಲೀಸರು 'ಬಿ ರಿಪೋರ್ಟ್' ಹಾಕಿ ಪ್ರಕರಣ ಮುಚ್ಚಲು ಹೊರಟರೆ ಎಲ್ಲವೂ ಮುಗಿಯಿತೆಂದುಕೊಳ್ಳಬೇಡಿ. ಮ್ಯಾಜಿಸ್ಟ್ರೇಟರಿಂದ ನೋಟಿಸ್ ಬಂದಾಗ ತಕರಾರು ಅರ್ಜಿ ಹಾಕಬಹುದು.

ಅವನಿಗೆ ಜಾಮೀನು ಸಿಗುತ್ತದೆಯೇ? ಮನೆಯವರು ರಾಜಿಗೆ ಬಂದಿದ್ದಾರೆ.

ಜಾಮೀನು ಸಿಗಬಹುದು. ಜಾಮೀನು ಎಂದರೆ ಖುಲಾಸೆಯಲ್ಲ. ಪ್ರಕರಣದ ಪ್ರತಿ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ನಿಮ್ಮ ವಕೀಲರ ಮೂಲಕ ಆಕ್ಷೇಪಣೆ ಸಲ್ಲಿಸಿ. ಬೆದರಿಕೆ ಬಂದರೆ ದಿನಾಂಕ, ಸಮಯ ಬರೆದಿಟ್ಟು ಮತ್ತೊಂದು ದೂರು ಕೊಡಿ, ಜಾಮೀನು ರದ್ದತಿಗೆ ಅದೇ ಆಧಾರ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೋರಲೂಬಹುದು.

ರಾಜಿಯ ವಿಷಯ. ಅತ್ಯಾಚಾರ ರಾಜಿ ಮಾಡಿಕೊಳ್ಳಬಹುದಾದ ಅಪರಾಧವಲ್ಲ. 'ಮದುವೆ ಮಾಡಿಸಿಬಿಡೋಣ' ಎಂದು ಹಿರಿಯರು ಹೇಳಬಹುದು, ಠಾಣೆಯಲ್ಲೂ ಹೇಳಬಹುದು. ಹಾಗೆ ಸೂಚಿಸುವುದು ನ್ಯಾಯಾಲಯಕ್ಕೂ ಸಲ್ಲದು ಎಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಾಕೀತು ಮಾಡಿದೆ. ಹೆಣ್ಣು ಹೀಗೆಯೇ ನಡೆದುಕೊಳ್ಳಬೇಕೆಂಬ ಮಾತುಗಳನ್ನು ಆದೇಶಗಳಲ್ಲಿ ಬರೆಯಬಾರದು ಎಂದೂ ಅದೇ ತೀರ್ಪು ಹೇಳಿತು. ಅದರ ಹಿಂದಿನ ವರ್ಷವಷ್ಟೇ ನಮ್ಮ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ದಣಿದು ಮಲಗಿದೆ ಎಂಬ ದೂರುದಾರೆಯ ಮಾತು ಭಾರತೀಯ ನಾರಿಗೆ ತಕ್ಕುದಲ್ಲ ಎಂಬ ಸಾಲು ಬಂದಿತ್ತು. ಬಲವಾದ ವಿರೋಧ ಬಂದ ಮೇಲೆ ಅದನ್ನು ತೆಗೆದುಹಾಕಲಾಯಿತು.

ಕೋರ್ಟಿನಲ್ಲಿ ಏನಾಗುತ್ತದೆ? ಅವನ ಎದುರೇ ಹೇಳಬೇಕೇ?

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ವಿಚಾರಣೆ ನಡೆಯುವುದು ಸಿಟಿ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ. ಬಾಗಿಲು ಮುಚ್ಚಿ ವಿಚಾರಣೆ ನಡೆಸುವುದು ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಮಿನ ನಿಯಮ. ಸಂಬಂಧವಿಲ್ಲದ ವಕೀಲರು, ಕಕ್ಷಿದಾರರು ಒಳಗೆ ಕೂತಿದ್ದರೆ ಹೊರಗೆ ಕಳಿಸುವಂತೆ ಅಭಿಯೋಜಕರಿಗೆ ಹೇಳಿ. ಅವನ ಮುಖ ಕಾಣದಂತೆ ಪರದೆ ಹಾಕಿಸಲು ಅಥವಾ ವಿಡಿಯೊ ಮೂಲಕ ಸಾಕ್ಷ್ಯ ನುಡಿಯಲು ಮೊದಲೇ ಅರ್ಜಿ ಕೊಡಿ. ವಯಸ್ಸು ಎಷ್ಟೇ ಇರಲಿ, ಲೈಂಗಿಕ ದೌರ್ಜನ್ಯದ ಸಂತ್ರಸ್ತರು ವಿಶೇಷ ಕಾಳಜಿ ಬೇಕಾದ ಸಾಕ್ಷಿಗಳು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎದುರು ಪಕ್ಷದ ವಕೀಲರು ನಿಮ್ಮನ್ನು ಪ್ರಶ್ನಿಸುವ ಪಾಟೀ ಸವಾಲಿನ ದಿನವೇ ಅತಿ ಕಷ್ಟದ ದಿನ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದೇ ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ಕೇಳುತ್ತಾರೆ, ಗಂಟೆ ನಿಮಿಷ ಕೇಳುತ್ತಾರೆ, 'ಇದೆಲ್ಲ ಸುಳ್ಳು ಎಂದರೆ ಸರಿಯೇ?' ಎಂದು ಕೊನೆಗೆ ಕೇಳಿಯೇ ಕೇಳುತ್ತಾರೆ. ಅದು ಕ್ರಮದ ಪ್ರಶ್ನೆ, 'ಸರಿಯಲ್ಲ' ಎಂದು ಹೇಳಿ ಮುಂದೆ ಹೋಗಿ. ನೆನಪಿಲ್ಲದ್ದಕ್ಕೆ 'ನೆನಪಿಲ್ಲ' ಎನ್ನಿ. ಊಹಿಸಿ ಹೇಳಿದ ಉತ್ತರದಿಂದ ಆಗುವ ಹಾನಿ ಹೆಚ್ಚು. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿಸಿಕೊಳ್ಳಿ. ಉತ್ತರವನ್ನು ನ್ಯಾಯಾಧೀಶರ ಕಡೆ ನೋಡಿಕೊಂಡು ಹೇಳಿ. ನಿಮ್ಮ ನಡತೆ, ಹಳೆಯ ಸಂಬಂಧಗಳ ಬಗ್ಗೆ ಕೇಳಲು ಸಾಕ್ಷ್ಯ ಅಧಿನಿಯಮ ಬಿಡುವುದಿಲ್ಲ. ಕೇಳಿದರೆ ಒಂದು ಕ್ಷಣ ಸುಮ್ಮನಿದ್ದು ಅಭಿಯೋಜಕರು ಆಕ್ಷೇಪಿಸಲು ಬಿಡಿ. ಅಳು ಬಂದರೆ ಅತ್ತುಬಿಡಿ, ನೀರು ಕೇಳಿ, ಐದು ನಿಮಿಷ ಬಿಡುವು ಕೇಳಿ. ನುಡಿದ ಸಾಕ್ಷ್ಯವನ್ನು ಓದಿಸಿಕೊಂಡು, ತಪ್ಪಿದ್ದರೆ ತಿದ್ದಿಸಿ ಸಹಿ ಮಾಡಿ.

ಎಷ್ಟು ವರ್ಷ ಹಿಡಿಯುತ್ತದೆ?

ಚಾರ್ಜ್‌ಶೀಟ್ ಆದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು ಎನ್ನುತ್ತದೆ ಕಾನೂನು. ನಾನು ಜೊತೆಗಿದ್ದ ಯಾವ ಪ್ರಕರಣವೂ ಅಷ್ಟು ಬೇಗ ಮುಗಿದಿಲ್ಲ, ವರ್ಷಗಳೇ ಹಿಡಿದಿವೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಪ್ರಕರಣದ ಸಂಖ್ಯೆ ಇಟ್ಟುಕೊಂಡರೆ ಮುಂದಿನ ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಬಹುದು. ಈ ವರ್ಷಗಳಲ್ಲಿ ಓದು, ಕೆಲಸ, ಮದುವೆ ಯಾವುದನ್ನೂ ಪ್ರಕರಣಕ್ಕಾಗಿ ನಿಲ್ಲಿಸಬೇಕಿಲ್ಲ.

ಪರಿಹಾರದ ಹಣ ಕೇಳಿದರೆ 'ದುಡ್ಡಿಗಾಗಿ ದೂರು' ಎನ್ನುವುದಿಲ್ಲವೇ?

ಅನ್ನುವವರು ಅನ್ನಲಿ. ಅದು ರಾಜ್ಯ ನಿಮಗೆ ಕೊಡಬೇಕಾದದ್ದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ಎಂದಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ತೀರ್ಪಿಗಾಗಿ ಕಾಯಬೇಕಿಲ್ಲ, ಮಧ್ಯಂತರ ಪರಿಹಾರವೂ ಇದೆ. ಗರ್ಭ ನಿಂತಿದ್ದರೆ 24 ವಾರದವರೆಗೆ ಗರ್ಭಪಾತಕ್ಕೆ ಕಾನೂನಿನ ಅವಕಾಶವಿದೆ, ಅದು ಮೀರಿದರೆ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಒಂದು ದಿನವನ್ನೂ ಕಳೆಯಬೇಡಿ.

ಖುಲಾಸೆಯಾದರೆ ನಾನು ಸುಳ್ಳು ಹೇಳಿದೆ ಎಂದಾಗುತ್ತದೆಯೇ?

ಆಗುವುದಿಲ್ಲ. ಆರೋಪ ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂಬುದಷ್ಟೇ ಖುಲಾಸೆಯ ಅರ್ಥ. ಖುಲಾಸೆಯ ವಿರುದ್ಧ, ಕಡಿಮೆ ಅಪರಾಧಕ್ಕೆ ಶಿಕ್ಷೆಯಾದಾಗ, ಪರಿಹಾರ ಕಡಿಮೆಯಾದಾಗ ಸಂತ್ರಸ್ತರೇ ಮೇಲ್ಮನವಿ ಸಲ್ಲಿಸಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆಯ 413ನೇ ಕಲಂ ಹೇಳುತ್ತದೆ. ಸರ್ಕಾರ ಮುಂದಾಗಲಿ ಎಂದು ಕಾಯಬೇಕಿಲ್ಲ.

ಆದದ್ದು ನನ್ನ ಗೆಳತಿಗೆ. ನಾನೇನು ಮಾಡಬಹುದು?

ಅವಳು ಹೇಳಿದ್ದನ್ನು ಕೇಳಿಸಿಕೊಳ್ಳಿ. 'ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದೆ' ಎಂದು ಕೇಳಬೇಡಿ. ದೂರು ಕೊಡಬೇಕೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಲಿ. ಮೊದಲು ನಿಮಗೆ ಹೇಳಿದ್ದರೆ ದಿನಾಂಕ, ಸಮಯ, ಅವಳ ಮಾತುಗಳನ್ನು ಬರೆದಿಡಿ, ಮುಂದೆ ನೀವೂ ಸಾಕ್ಷಿಯಾಗಬಹುದು. ಎಫ್‌ಐಆರ್ ಪ್ರತಿ, ಅಂಚೆ ರಸೀದಿ, ಆಸ್ಪತ್ರೆ ಚೀಟಿಗಳನ್ನು ಒಂದೇ ಕಡತದಲ್ಲಿ ಹಾಕಿ, ಇನ್ನೊಂದು ಪ್ರತಿ ನಿಮ್ಮ ಬಳಿ ಇರಲಿ. ವಾಯಿದೆಯ ದಿನ ನೀವೂ ರಜೆ ಹಾಕಿ, ಅವಳ ಮನೆಯಿಂದಲೇ ಜೊತೆಗೆ ಹೊರಡಿ. ಕೋರ್ಟಿನಿಂದ ಹೊರಬಂದ ಮೇಲೆ ಎಲ್ಲಿ ಊಟ ಮಾಡುವುದು, ಯಾವ ಬಸ್ಸಿಗೆ ಹತ್ತುವುದು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಿ. ಆ ಹೊತ್ತಿಗೆ ಏನನ್ನೂ ನಿರ್ಧರಿಸುವ ಶಕ್ತಿ ಅವಳಲ್ಲಿ ಉಳಿದಿರುವುದಿಲ್ಲ.